ಸೋರುವ ಫ್ರಿಜ್ ಫಿಲ್ಟರ್‌ಗೆ ಅಗ್ಗದ ಬದಲಿ ಕಾರ್ಟ್ರಿಜ್: ಕೊಡಗಿನ ಮಳೆಗಾಲದಲ್ಲಿ ಬಳಸಿ ನೋಡಿದ ಮೇಲೆ

ಬಾಗಿಲಿನಲ್ಲೇ ತಣ್ಣೀರು ಹಿಡಿದುಕೊಳ್ಳುವ ಸೌಲಭ್ಯವಿರುವ ದೊಡ್ಡ ಫ್ರಿಜ್ಜುಗಳಲ್ಲಿ ನೀರು ಒಂದು ಫಿಲ್ಟರ್ ಕಾರ್ಟ್ರಿಜ್ ಮೂಲಕ ಹಾದು ಬರುತ್ತದೆ. ವಿರಾಜಪೇಟೆ ಸಮೀಪದ ನಮ್ಮ ತೋಟದ ಮನೆಯಲ್ಲಿ ಅದು ಸೋರತೊಡಗಿದಾಗ, ಫ್ರಿಜ್ ಕಂಪನಿಯ ಮೂಲ ಕಾರ್ಟ್ರಿಜ್‌ನ ಬದಲು, ಅದೇ ಮಾದರಿಗೆ ಹೊಂದುತ್ತದೆಂದು ಆನ್‌ಲೈನ್‌ನಲ್ಲಿ ಮಾರುವ ಕಡಿಮೆ ಬೆಲೆಯ ಕಾರ್ಟ್ರಿಜ್ ತರಿಸಿದೆವು. ಮಳೆಗಾಲವಿಡೀ ಬಳಸಿದ ಮೇಲೆ ನನ್ನ ಅಭಿಪ್ರಾಯ ಇಷ್ಟು: ಕಾರ್ಟ್ರಿಜ್ ಕೊಳ್ಳಬಹುದಾದದ್ದೇ, ಆದರೆ ಅದರೊಂದಿಗೆ ಬರುವ ರಬ್ಬರ್ ಓ ರಿಂಗ್‌ಗಳನ್ನು ನಂಬಿಕೊಳ್ಳುವಂತಿಲ್ಲ.

ಇಂಥ ಸೋರಿಕೆ ಬಹುಮಟ್ಟಿಗೆ ಶುರುವಾಗುವುದೇ ಕಾರ್ಟ್ರಿಜ್‌ನ ಕತ್ತಿನಲ್ಲಿ. ಅಲ್ಲಿನ ಕಚ್ಚಿನಲ್ಲಿ ಕೂರುವ ಓ ರಿಂಗ್ ಒಣಗಿದರೆ, ತಿರುಚಿಕೊಂಡರೆ ಅಥವಾ ಹಳೆಯ ರಿಂಗ್ ಗೂಡಿನೊಳಗೇ ಅಂಟಿಕೊಂಡು ಹೊಸದು ಅದರ ಮೇಲೆ ಕೂತರೆ ನೀರು ದಾರಿ ಮಾಡಿಕೊಳ್ಳುತ್ತದೆ. ಆದ್ದರಿಂದ ಹಳೆಯದನ್ನು ಕಳಚಿದ ಕೂಡಲೇ ಟಾರ್ಚ್ ಹಿಡಿದು ಗೂಡಿನೊಳಗೆ ನೋಡುವುದು ಅಗತ್ಯ. ನಮಗೆ ಬಂದ ಹೊಸ ರಿಂಗ್ ಮೇಲೆ ಉಗುರು ಸವರಿದಾಗ, ಅಚ್ಚಿನಿಂದ ತೆಗೆಯುವಾಗ ಉಳಿದ ಸಣ್ಣ ಏಣೊಂದು ಸುತ್ತಲೂ ತಾಗುತ್ತಿತ್ತು. ಕಾಲು ಸುತ್ತು ತಿರುಗಿಸಿ ಬಿಗಿ ಮಾಡಿದ ಮೇಲೂ ಕತ್ತಿನ ಕೆಳಗೆ ಹನಿ ಕಟ್ಟಿತು. ಗೋಣಿಕೊಪ್ಪಲಿನಲ್ಲಿ ಪಂಪ್ ಬಿಡಿಭಾಗ ಮಾರುವ ಅಂಗಡಿಯಲ್ಲಿ ಅದೇ ಅಳತೆಯ ರಿಂಗ್ ಸಿಕ್ಕಿತಾದರೂ ಅದು ಕುಡಿಯುವ ನೀರಿಗೆಂದು ಮಾಡಿದ್ದಲ್ಲ. ವಾಟರ್ ಪ್ಯೂರಿಫೈಯರ್ ರಿಪೇರಿ ಮಾಡುವವರ ಬಳಿ ಕುಡಿಯುವ ನೀರಿಗೆ ಹೊಂದುವ ರಬ್ಬರ್ ರಿಂಗ್ ಮತ್ತು ಆಹಾರಕ್ಕೆ ತಾಗಬಹುದಾದ ಸಿಲಿಕಾನ್ ಗ್ರೀಸ್ ಎರಡೂ ದೊರೆತವು. ರಿಂಗ್‌ಗೆ ಗ್ರೀಸನ್ನು ತೆಳುವಾಗಿ ಸವರಿ ಕೂರಿಸಿದ ಮೇಲೆ ಸೋರಿಕೆ ನಿಂತಿತು. ಗ್ರೀಸ್ ಇಲ್ಲವೆಂದು ಪೆಟ್ರೋಲಿಯಂ ಜೆಲ್ಲಿ ಹಚ್ಚಬಾರದು; ಇಪಿಡಿಎಂನಂಥ ರಬ್ಬರ್ ಅದರಿಂದ ಉಬ್ಬಿ ಕೆಡುತ್ತದೆ.

ಜುಲೈ ತಿಂಗಳ ನಮ್ಮ ಗಾಳಿಯಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ತಣ್ಣಗಿರುವ ಕಾರ್ಟ್ರಿಜ್‌ನ ಹೊರಮೈ ಬೆವರಿದರೂ ಅದು ಸೋರಿದಂತೆಯೇ ಕಾಣುತ್ತದೆ. ಮೈಯನ್ನು ಒರೆಸಿ, ಕತ್ತಿನ ಸುತ್ತ ಟಿಶ್ಯೂ ಕಾಗದ ಸುತ್ತಿಟ್ಟರೆ ಸತ್ಯ ತಿಳಿಯುತ್ತದೆ: ಕಾಗದ ಎಲ್ಲೆಡೆ ಒಂದೇ ಸಮ ತೇವವಾದರೆ ಬೆವರು, ಒಂದೇ ಕಡೆ ತೊಯ್ದರೆ ಸೋರಿಕೆ. ಇಷ್ಟನ್ನು ನೋಡದೆ ಮೈಸೂರಿನಿಂದ ಮೆಕ್ಯಾನಿಕ್ ಕರೆಸಿ ಪ್ರಯಾಣದ ವೆಚ್ಚ ತೆರಬೇಕಾದದ್ದಿಲ್ಲ.

ನೀರಿನ ಒತ್ತಡದ ವಿಷಯದಲ್ಲಿ ಪೆಟ್ಟಿಗೆಯ ಮೇಲೆ 20ರಿಂದ 120 ಪಿಎಸ್‌ಐ (ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ಎಂದಿದೆ. 10 ಮೀಟರ್ ಎತ್ತರದಿಂದ ಇಳಿಯುವ ನೀರು ಸುಮಾರು 14 ಪಿಎಸ್‌ಐ ಒತ್ತಡ ಕೊಡುತ್ತದೆ. ಬೆಟ್ಟದ ಮೇಲಿನ ಒರತೆಯಿಂದಲೋ ಏರಿನಲ್ಲಿಟ್ಟ ಟ್ಯಾಂಕಿನಿಂದಲೋ ನೇರವಾಗಿ ಪೈಪ್ ಎಳೆದುಕೊಂಡಿರುವ ಮನೆಗಳು ನಮ್ಮಲ್ಲಿ ಬಹಳ. ಆ ಇಳಿಜಾರಿನ ನೇರ ಎತ್ತರ 85 ಮೀಟರ್ ದಾಟಿದರೆ ಮೇಲಿನ ಮಿತಿಯೂ ದಾಟುತ್ತದೆ, ಆಗ ಪ್ರೆಶರ್ ಕಡಿಮೆ ಮಾಡುವ ವಾಲ್ವ್ ಹಾಕಿಸದೆ ಯಾವ ಕಾರ್ಟ್ರಿಜ್ ಹಾಕಿದರೂ ಕತ್ತು ಬಿರುಕು ಬಿಡುವ ಅಪಾಯವಿದೆ. ಅದೇ ಟ್ಯಾಂಕ್ ತಾರಸಿಯ ಮೇಲಷ್ಟೇ ಇದ್ದರೆ ಒತ್ತಡ ಸಾಲದು. ಫ್ರಿಜ್ಜಿನ ಹಿಂದಿರುವ ಒಳಹರಿವಿನ ವಾಲ್ವ್ ಪೂರ್ತಿ ಮುಚ್ಚಿಕೊಳ್ಳುವುದಕ್ಕೆ ನೀರಿನ ಒತ್ತಡವೇ ನೆರವಾಗುವುದರಿಂದ, ಒತ್ತಡ ಕಡಿಮೆಯಾದಾಗ ನಲ್ಲಿಯ ಬಾಯಿ ತೊಟ್ಟಿಕ್ಕುತ್ತಲೇ ಇರುತ್ತದೆ, ತಪ್ಪು ಮಾತ್ರ ಫಿಲ್ಟರ್ ಮೇಲೆ ಬೀಳುತ್ತದೆ. ಹೊಸ ಕಾರ್ಟ್ರಿಜ್ ಹಾಕಿದಾಗ ಒಳಗೆ ಸಿಕ್ಕಿಕೊಂಡ ಗಾಳಿಯಿಂದಲೂ ಕೆಲಕಾಲ ಹನಿ ಬೀಳುವುದುಂಟು. ಹತ್ತು ಹನ್ನೆರಡು ಲೀಟರ್ ನೀರು ಹರಿಯಬಿಟ್ಟರೆ ಅದು ನಿಲ್ಲುತ್ತದೆ, ಇದ್ದಿಲಿನ ಕಪ್ಪು ಪುಡಿಯೂ ಹೋಗುತ್ತದೆ.

ನೀರಿನ ರುಚಿಯಲ್ಲಿ ಮೂಲ ಕಾರ್ಟ್ರಿಜ್‌ಗೂ ಇದಕ್ಕೂ ನನಗೆ ವ್ಯತ್ಯಾಸ ಕಾಣಲಿಲ್ಲ. ಆದರೆ ಮಳೆಗಾಲದ ಕೆಂಪು ನೀರಿಗೆ ಇದು ಬೇಗ ಕಟ್ಟಿಕೊಂಡು ಹರಿವು ಸಣ್ಣದಾಯಿತು. ಆರು ತಿಂಗಳು ಬಾಳಬೇಕೆಂದರೆ ಫ್ರಿಜ್ಜಿಗೆ ಮೊದಲೇ ಮಣ್ಣು ತಡೆಯುವ ಫಿಲ್ಟರ್ ಬೇಕು. ಪೆಟ್ಟಿಗೆಯ ಮೇಲೆ ದೊಡ್ಡಕ್ಷರಗಳಲ್ಲಿರುವ ‘ಶುದ್ಧ ನೀರು’ ಎಂಬ ಮಾತಿಗೆ ನನ್ನ ತೀವ್ರ ಆಕ್ಷೇಪವಿದೆ. ಒಳಗಿರುವ ಸಕ್ರಿಯ ಇದ್ದಿಲು ಕ್ಲೋರಿನ್ ವಾಸನೆಯನ್ನೂ ರುಚಿಯ ದೋಷವನ್ನೂ ತೆಗೆಯುತ್ತದೆ, ರೋಗಾಣುಗಳನ್ನು ಕೊಲ್ಲುವುದಿಲ್ಲ. ಕ್ಲೋರಿನ್ ಹಾಕದ ಒರತೆ, ಬಾವಿಗಳ ನೀರನ್ನು ಬಳಸುವ ಮನೆಗಳಲ್ಲಿ ಮಕ್ಕಳಿಗೆ ಈ ನಲ್ಲಿಯ ನೀರನ್ನು ನೇರವಾಗಿ ಕುಡಿಸಬೇಡಿ. ಕುದಿಸಿ ಆರಿಸಿದ ನೀರನ್ನೇ ಕೊಡಿ, ಇಲ್ಲವೇ ಫ್ರಿಜ್ಜಿಗೆ ಬರುವ ಮುನ್ನ ಅತಿನೇರಳೆ ಬೆಳಕಿನಿಂದ ರೋಗಾಣು ಕೊಲ್ಲುವ ಯುವಿ ಘಟಕ ಅಳವಡಿಸಿಕೊಳ್ಳಿ.