ಸುರ್-ರಾನ್ ಲೈಟ್ ಬೀ ಎಕ್ಸ್‌ಗೆ ಅರಿಝೋನಾ ನಂಬರ್ ಪ್ಲೇಟ್: ಬೈಕಿಗೆ ಹತ್ತಕ್ಕೆ ಎಂಟು, ಲೈಟ್ ಕಿಟ್ಟಿಗೆ ನಾಲ್ಕು

ಸುರ್-ರಾನ್ ಲೈಟ್ ಬೀ ಎಕ್ಸ್ ಅಂದರೆ ಮಣ್ಣುದಾರಿಗೆ ಮಾಡಿದ ಎಲೆಕ್ಟ್ರಿಕ್ ಬೈಕ್. ಇದರ ಬಗ್ಗೆ ವಿಚಾರಿಸೋರೆಲ್ಲ ಮೊದಲು ಕೇಳೋದು ಟಾಪ್ ಸ್ಪೀಡ್ ಎಷ್ಟು ಅಂತ. ನಾನು ತಿರುಗಿ ಕೇಳೋದು ಒಂದೇ: ಎಂಎಸ್ಒ ಕೈಗೆ ಬಂದಿದೆಯಾ? ಎಂಎಸ್ಒ ಅಂದರೆ ತಯಾರಕರು ಹೊಸ ಗಾಡಿ ಜೊತೆ ಕೊಡೋ ಮೂಲಪತ್ರ. ಗಾಡಿಯನ್ನು ಗುರುತಿಸೋ 17 ಅಕ್ಷರ-ಅಂಕಿಗಳ ವಿಐಎನ್ ನಂಬರ್ ಅದರಲ್ಲಿರುತ್ತೆ. ಆ ಹಾಳೆ ಇಲ್ಲದೆ ಬೈಕ್ ಎಷ್ಟೇ ಚೆನ್ನಾಗಿದ್ದರೂ ಅಮೆರಿಕದಲ್ಲಿ ಅದಕ್ಕೆ ಪ್ಲೇಟ್ ಹಾಕಿಸೋದು ದೊಡ್ಡ ತಲೆನೋವು. ಅರ್ಧ ಬೆಲೆಗೆ ಸಿಗೋ ಸೆಕೆಂಡ್ ಹ್ಯಾಂಡ್ ಸುರ್-ರಾನ್‌ಗಳಲ್ಲಿ ಬಹಳಷ್ಟಕ್ಕೆ ಈ ಹಾಳೆಯೇ ಇರಲ್ಲ. ಕೆಲವು ಕದ್ದ ಮಾಲೂ ಇರುತ್ತವೆ. ನಾನು ಹೊಸದನ್ನೇ ತಗೊಂಡೆ, ನಾಲ್ಕೂವರೆ ಸಾವಿರ ಡಾಲರ್ ಆಸುಪಾಸು. ಮೂಲಪತ್ರ ಮೇಜಿನ ಮೇಲೆ ಬಂದ ಮೇಲೇ ಕಾರ್ಡ್ ತೆಗೆದೆ.

ನಾನಿರೋದು ಫೀನಿಕ್ಸ್ ಪಕ್ಕದ ಮೇಸಾದಲ್ಲಿ. ಎತ್ತರ ಐದಡಿ ಎರಡಂಗುಲ. ದಾವಣಗೆರೆಯಲ್ಲಿ ಅಪ್ಪನ ಲೂನಾದಲ್ಲಿ ಬ್ಯಾಲೆನ್ಸ್ ಕಲಿತೋಳು. ಪೆಟ್ರೋಲ್ ಡರ್ಟ್ ಬೈಕ್‌ಗಳ ಮೇಲೆ ಕೂತು ನೋಡಿದ್ದೀನಿ. ಸೀಟು 36-37 ಇಂಚು ಎತ್ತರ, ತೂಕ ನೂರು ಕಿಲೋ ದಾಟುತ್ತೆ. ನಿಂತಾಗ ಒಂದು ಕಾಲಿನ ತುದಿಬೆರಳಷ್ಟೇ ನೆಲಕ್ಕೆ. ಮರಳಲ್ಲಿ ಮಗುಚಿಬಿದ್ದರೆ ಒಬ್ಬಳೇ ಎತ್ತೋ ಮಾತೇ ಇಲ್ಲ. ಲೈಟ್ ಬೀ ಸೀಟು 33 ಇಂಚಿನ ಹತ್ತಿರ, ತೂಕ ಐವತ್ತು ಚಿಲ್ಲರೆ ಕಿಲೋ, ಅಂದರೆ ಹೆಚ್ಚುಕಮ್ಮಿ ಅದೇ ಲೂನಾದಷ್ಟು. ಬಿದ್ದರೆ ಬೈಕೊಂಡು ಎತ್ತಿ ನಿಲ್ಲಿಸ್ತೀನಿ, ಮುಂದೆ ಹೋಗ್ತೀನಿ. ನನ್ನಂಥವರಿಗೆ ಈ ಬೈಕಿನ ಮುಕ್ಕಾಲು ಪಾಲು ಬೆಲೆ ಇರೋದು ಈ ತೂಕದಲ್ಲೇ.

ಚೀನಾದ ಚೊಂಗ್‌ಚಿಂಗ್‌ನ ಕಂಪನಿ ಮಾಡೋ ಗಾಡಿ ಇದು. ಅಲ್ಯೂಮಿನಿಯಂ ಫ್ರೇಮು, 60 ವೋಲ್ಟ್ ಬ್ಯಾಟರಿ. ಹಳೆಯ ಮಾಡೆಲ್‌ಗಳಲ್ಲಿ 32 ಆಂಪಿಯರ್-ಅವರ್ ಇತ್ತು, ನನ್ನದರಲ್ಲಿ 40. ಮೋಟರಿನಿಂದ ಮೊದಲು ಒಂದು ಬೆಲ್ಟು, ಅಲ್ಲಿಂದ ಹಿಂದಿನ ಗಾಲಿಗೆ ಚೈನು. ಕ್ಲಚ್ಚಿಲ್ಲ, ಗೇರಿಲ್ಲ. ಇಕೋ, ಸ್ಪೋರ್ಟ್ ಅಂತ ಎರಡು ಮೋಡ್. ಇಕೋದಲ್ಲಿ ಸಾಧು, ಸ್ಪೋರ್ಟಿನಲ್ಲಿ ಥ್ರಾಟಲ್ ತಿರುಗಿಸಿದ ಕ್ಷಣವೇ ಪೂರ್ತಿ ಎಳೆತ ಬರುತ್ತೆ, ಪೆಟ್ರೋಲ್ ಎಂಜಿನ್ ಓಡಿಸಿದ ಕೈಗೆ ಇದು ಹೊಸತು. ಸದ್ದು ಅಂದರೆ ಚೈನಿನದಷ್ಟೇ. ಬೆಳಗಿನ ಹೊತ್ತು ಮರುಭೂಮಿಯಲ್ಲಿ ಕ್ವೇಲ್ ಹಕ್ಕಿಗಳ ಹಿಂಡು ಗಾಬರಿಯಾಗಿ ಹಾರಲ್ಲ, ಸುಮ್ಮನೆ ದಾರಿ ಬಿಟ್ಟು ಓಡುತ್ತೆ. ಅಕ್ಕಪಕ್ಕದ ಮನೆಯವರೂ ಈವರೆಗೆ ಬಾಗಿಲು ತಟ್ಟಿಲ್ಲ.

ಇಷ್ಟವಾಗದ್ದೂ ಇದೆ. ಸೀಟು ಹಲಗೆ, ಗಂಟೆಗಟ್ಟಲೆ ಕೂರೋಕೆ ಮಾಡಿದ್ದಲ್ಲ. ಫುಟ್‌ಪೆಗ್ ಚಿಕ್ಕವು, ದಪ್ಪ ಬೂಟಿಗೆ ಜಾಗ ಸಾಲದು. ಮುಂದಿನ ಫೋರ್ಕ್ ನನ್ನ ತೂಕಕ್ಕೆ ಸರಿಯಾಗಿದೆ, ನಮ್ಮ ಯಜಮಾನರು ಕೂತರೆ ಸಣ್ಣ ಹಳ್ಳಕ್ಕೂ ತಳ ಮುಟ್ಟುತ್ತೆ. ಎಂಬತ್ತು ಕಿಲೋ ದಾಟಿದವರು ಸ್ಪ್ರಿಂಗ್ ಬದಲಾಯಿಸೋ ಖರ್ಚನ್ನೂ ಸೇರಿಸಿಕೊಂಡೇ ಲೆಕ್ಕ ಹಾಕಿ.

ಈಗ ಪ್ಲೇಟಿನ ವಿಷಯ. ಎಕ್ಸ್ ಮಾಡೆಲ್ ಅಮೆರಿಕಕ್ಕೆ ಬರೋದು ಆಫ್-ರೋಡ್ ಗಾಡಿಯಾಗಿ. ಯುರೋಪಿನಲ್ಲಿ ಎಲ್1ಇ ಅನ್ನೋ ಬೇರೆ ಆವೃತ್ತಿ ಇದೆ. ಕನ್ನಡಿ, ಹಾರ್ನ್, ಇಂಡಿಕೇಟರ್ ಎಲ್ಲ ಕಾರ್ಖಾನೆಯಿಂದಲೇ ಬರುತ್ತೆ, ವೇಗ ಗಂಟೆಗೆ 45 ಕಿಲೋಮೀಟರಿಗೆ ಕಟ್ಟು. ಇಲ್ಲಿ ಆ ಭಾಗ್ಯ ಇಲ್ಲ. ರಾಜ್ಯಕ್ಕೊಂದು ನ್ಯಾಯ ಬೇರೆ. ಪಕ್ಕದ ಕ್ಯಾಲಿಫೋರ್ನಿಯಾದಲ್ಲಿ ಇಂಥ ಬೈಕ್ ಕಾಡು-ಗುಡ್ಡದ ಮಣ್ಣುದಾರಿ, ಅಂದರೆ ಟ್ರೇಲ್‌ಗಷ್ಟೇ. ಅಂಚೆಯಲ್ಲೇ ಅರ್ಜಿ ಹಾಕಿ ವರ್ಮಾಂಟ್ ರಾಜ್ಯದ ಪ್ಲೇಟ್ ತರಿಸಿಕೊಳ್ಳೋ ಕಳ್ಳದಾರಿ ಒಂದಿತ್ತು, 2023ರಲ್ಲಿ ಅದೂ ಮುಚ್ಚಿತು. ಅರಿಝೋನಾ ಮಾತ್ರ ಈ ವಿಷಯದಲ್ಲಿ ಧಾರಾಳಿ. ಡರ್ಟ್ ಬೈಕು, ಮಣ್ಣುದಾರಿಯ ನಾಲ್ಕು ಗಾಲಿಯ ಯುಟಿವಿ ಗಾಡಿ, ಯಾವುದಾದರೂ ಸರಿ, ರಸ್ತೆಗೆ ಬೇಕಾದ ಸಲಕರಣೆ ಹಾಕಿ ತಂದರೆ ನೋಂದಣಿ ಮಾಡಿಕೊಡ್ತಾರೆ. ಪ್ಲೇಟ್ ಹಾಕಿದ ಯುಟಿವಿಗಳು ಅಂಗಡಿ ಮುಂದೆ ಹಾಲು-ಮೊಟ್ಟೆ ಕೊಳ್ಳೋಕೆ ನಿಂತಿರೋದು ಇಲ್ಲಿ ದಿನಾ ಕಾಣೋ ನೋಟ.

ಬೇಕಾದ್ದು: ಹೆಡ್‌ಲೈಟ್, ಹಿಂದೆ ಕೆಂಪು ದೀಪ, ಬ್ರೇಕ್ ಲೈಟ್, ಕೆಂಪು ರಿಫ್ಲೆಕ್ಟರ್, ಪ್ಲೇಟಿಗೆ ಬೆಳಕು, ಹಾರ್ನ್, ಕನ್ನಡಿ. ಇಂಡಿಕೇಟರ್ ಇಲ್ಲದಿದ್ದರೆ ಕೈಸನ್ನೆ ನಡೆಯುತ್ತೆ. ಆದರೂ ಹಾಕಿಸಿದೆ. ಫೋನ್ ನೋಡ್ತಾ ದೊಡ್ಡ ಪಿಕಪ್ ಓಡಿಸೋರಿಗೆ ನನ್ನ ಕೈ ಎಲ್ಲಿ ಕಾಣಬೇಕು? ಓಡಿಸೋರಿಗೆ ಎಂ ಕ್ಲಾಸ್, ಅಂದರೆ ಮೋಟರ್ ಸೈಕಲ್ ಲೈಸೆನ್ಸ್ ಬೇಕು. ಹೆಲ್ಮೆಟ್ ಕಡ್ಡಾಯ 18ರ ಒಳಗಿನವರಿಗೆ ಮಾತ್ರ, ಆದರೆ ಕಣ್ಣಿಗೆ ಕನ್ನಡಕ ಎಲ್ಲರಿಗೂ ಕಡ್ಡಾಯ. ತಲೆಗಿಂತ ಕಣ್ಣಿನ ಮೇಲೆ ಈ ರಾಜ್ಯಕ್ಕೆ ಯಾಕಿಷ್ಟು ಕಾಳಜಿಯೋ ಕಾಣೆ.

ಲೈಟ್ ಕಿಟ್ ಆನ್‌ಲೈನಿನಲ್ಲಿ ತರಿಸಿದೆ. ಮಾರಿದವರ ಹೆಸರು ಬೇಡ. "ಹತ್ತೇ ನಿಮಿಷ, ಸಿಕ್ಕಿಸಿದರಾಯಿತು" ಅಂತ ಬರೆದಿದ್ದರು. ಬಂದದ್ದು ಒಂದು ಕಂತೆ ತೆಳು ವೈರು ಮತ್ತು ಯಾವ ಮಾಡೆಲ್‌ಗೂ ತಾಳೆಯಾಗದ ಒಂದು ಚಿತ್ರ. ವೈರಿಂಗ್ ಮಾಡಿಕೊಟ್ಟಿದ್ದು ನಮ್ಮ ಆಫೀಸಿನ ಹುಬ್ಬಳ್ಳಿ ಹುಡುಗ. ನಾನು ಕತ್ತರಿ ಹಿಡಿದಿದ್ದು ನೋಡಿ, "ಅಕ್ಕಾರ, ಮೂಲ ವೈರ್ ಕಟ್ ಮಾಡಬ್ಯಾಡ್ರಿ. ಕನೆಕ್ಟರ್ ಹಾಕೂಣು, ನಾಳೆ ಬಿಚ್ಚೂದಿದ್ರ ಬಿಚ್ಚಾಕ ಬರ್ತದ" ಅಂದ. ದೀಪ, ಹಾರ್ನ್‌ಗಳಿಗೆ ಬೇಕಾಗೋದು 12 ವೋಲ್ಟ್, ಬ್ಯಾಟರಿಯದು 60. ನಡುವೆ ಇಳಿಸಿಕೊಡೋ ಕನ್ವರ್ಟರ್ ಎಷ್ಟು ಆಂಪಿಯರ್ ತಡೆಯುತ್ತೆ ಅಂತ ನೋಡದೆ ಜೋರು ಹಾರ್ನ್ ಹಾಕಿದರೆ, ಹಾರ್ನ್ ಒತ್ತಿದಾಗ ಹೆಡ್‌ಲೈಟ್ ಮಂಕಾಗುತ್ತೆ. ಬ್ರೇಕ್ ಲೈಟಿನ ಕೆಲಸ ಸಲೀಸು. ಬ್ರೇಕ್ ಹಿಡಿದಾಗ ಮೋಟರ್ ನಿಲ್ಲಿಸೋ ಸ್ವಿಚ್ ಲಿವರಿನಲ್ಲೇ ಇದೆ, ಅಲ್ಲಿಂದಲೇ ಸಂಕೇತ ತೆಗೆದುಕೊಂಡ. ಕಿಟ್ಟಿನ ಇಂಡಿಕೇಟರ್ ಮಾತ್ರ ಪಟಪಟ ಅಂತ ಒಂದೇ ಸಮ ಮಿನುಗ್ತಿತ್ತು. ಬಲ್ಬಿಗೆ ಮಾಡಿದ ಹಳೆ ಫ್ಲ್ಯಾಶರ್ ರಿಲೇ ಕೊಟ್ಟು ಎಲ್ಇಡಿ ದೀಪ ಕೊಟ್ಟರೆ ಹಾಗೇ ಆಗೋದು. ಎಲ್ಇಡಿಗೆ ಹೊಂದೋ ರಿಲೇ ಬೇರೆ ತಂದು ಹಾಕಿದ ಮೇಲೆ ಸರಿಹೋಯ್ತು. ಪ್ಲೇಟ್ ಕೂರಿಸೋ ಬ್ರಾಕೆಟ್ ಇನ್ನೊಂದು ದರಿದ್ರ. ಹಿಂದಿನ ಸಸ್ಪೆನ್ಷನ್ ಪೂರ್ತಿ ಕುಗ್ಗಿದಾಗ ಟೈರು ಪ್ಲೇಟಿಗೆ ಉಜ್ಜುತ್ತೆ. ಎರಡು ಇಂಚು ಮೇಲಕ್ಕೆ ಹೊಸ ತೂತು ಕೊರೆದು ಕೂರಿಸಿದ್ದಾಯಿತು. ಕಿಟ್ಟಿಗೆ ನಾಲ್ಕು ಅಂಕ ಕೊಟ್ಟಿದ್ದೇ ಹೆಚ್ಚು, ಅದೂ ಕನ್ನಡಿ ಚೆನ್ನಾಗಿದೆ ಅಂತ. ಒಳಕ್ಕೆ ಮಡಚಿಕೊಳ್ಳುತ್ತೆ, ಪೊದೆ ನಡುವೆ ನುಗ್ಗುವಾಗ ಮುರಿಯಲ್ಲ.

ಟೈರ್ ಬಗ್ಗೆ ಯಾರೂ ಮೊದಲೇ ಹೇಳಲ್ಲ. ಜೊತೆಗೆ ಬರೋ 19 ಇಂಚಿನ ದಪ್ಪ ಗುಬುಟಿನ ಟೈರ್ ಮಣ್ಣಿಗೆ ಹೇಳಿ ಮಾಡಿಸಿದ್ದು, ಡಾಂಬರಿನ ಮೇಲೆ ತಿರುವಿನಲ್ಲಿ ಜಾರುತ್ತೆ, ಬೇಗ ಸವೆಯುತ್ತೆ. ರಸ್ತೆಗೆ ಅಮೆರಿಕದ ಸಾರಿಗೆ ಇಲಾಖೆಯ ಡಿಒಟಿ ಗುರುತಿರೋ ಟೈರ್ ಬೇಕು. ಟ್ರಯಲ್ಸ್ (ಕಲ್ಲುಬಂಡೆ ಹತ್ತಿಸೋ ಸ್ಪರ್ಧೆ) ಬಗೆಯದು ಹಾಕಿಸಿದೆ. ಮೆತ್ತಗಿನ ರಬ್ಬರು, ಕಲ್ಲಿಗೂ ಹಿಡಿತ, ಡಾಂಬರಿಗೂ ಪರವಾಗಿಲ್ಲ. ಟ್ಯೂಬಿನೊಳಗೆ ಪಂಚರ್ ಸೀಲಂಟ್ ಹಾಕಿಸೋದು ಮರೀಬೇಡಿ. ಇಲ್ಲಿನವರು ಗೋಟ್‌ಹೆಡ್ ಅಂತ ಬೈಯೋ ಮುಳ್ಳು ಬೇರೇನಲ್ಲ, ನಮ್ಮ ಹೊಲದ ಬದುವಿನ ನೆಗ್ಗಿಲು ಮುಳ್ಳೇ! ಇಷ್ಟು ದೂರ ಬಂದರೂ ಬಿಟ್ಟಿಲ್ಲ.

ನೋಂದಣಿ ಕೌಂಟರಿನ ಕೆಲಸ ನಾನು ಹೆದರಿದ್ದಕ್ಕಿಂತ ಸುಲಭವಾಯ್ತು. ಅರಿಝೋನಾದಲ್ಲಿ ಸರ್ಕಾರಿ ಎಂವಿಡಿ, ಅಂದರೆ ನಮ್ಮ ಆರ್‌ಟಿಒ ಥರದ ಕಚೇರಿಗಳ ಜೊತೆಗೆ ಅನುಮತಿ ಪಡೆದ ಖಾಸಗಿ ಕೌಂಟರ್‌ಗಳೂ ಇವೆ, ಸ್ವಲ್ಪ ಹೆಚ್ಚಿಗೆ ಶುಲ್ಕ ತಗೊಳ್ತಾರೆ. ಒಂದು ಖಾಸಗಿ ಕೌಂಟರಿನಲ್ಲಿ ಬೈಕ್ ನೋಡಿ "ಇದು ಸೈಕಲ್ ಅಲ್ವಾ, ಇದಕ್ಯಾಕೆ ಪ್ಲೇಟು?" ಅಂದರು. ಎಂವಿಡಿಯಲ್ಲಿ ಆ ಗೊಂದಲ ಇರಲಿಲ್ಲ. ಮೂಲಪತ್ರ, ಖರೀದಿ ರಸೀದಿ, ಅರ್ಜಿ ಕೊಟ್ಟೆ. ಲೆವೆಲ್ ಒನ್ ತಪಾಸಣೆ ಅಂದರೆ ಫ್ರೇಮಿನ ಮೇಲೆ ಕೊರೆದ ವಿಐಎನ್ ಮತ್ತು ಹಾಳೆಯ ಮೇಲಿನದು ಒಂದೇನಾ ಅಂತ ನೋಡೋದು. ಎಲೆಕ್ಟ್ರಿಕ್ ಆದ್ದರಿಂದ ಹೊಗೆ ಪರೀಕ್ಷೆ ಇಲ್ಲ.

ತೊಡಕಾಗಿದ್ದು ಇನ್ಶೂರೆನ್ಸ್. ಇಲ್ಲಿ ಕನಿಷ್ಠ ಅಂದರೆ ಒಬ್ಬರ ಗಾಯಕ್ಕೆ 25 ಸಾವಿರ, ಒಂದು ಅಪಘಾತಕ್ಕೆ ಒಟ್ಟು 50 ಸಾವಿರ, ಆಸ್ತಿ ನಷ್ಟಕ್ಕೆ 15 ಸಾವಿರ ಡಾಲರಿನ ಪಾಲಿಸಿ ಬೇಕು. ದೊಡ್ಡ ದೊಡ್ಡ ಕಂಪನಿಗಳ ವೆಬ್‌ಸೈಟ್‌ಗಳು ವಿಐಎನ್ ಹಾಕಿದರೆ ಗುರುತೇ ಹಿಡಿಯಲಿಲ್ಲ. ಕೊನೆಗೆ ಫೋನಿನಲ್ಲಿ ಒಬ್ಬ ಏಜೆಂಟ್ ತಾಳ್ಮೆಯಿಂದ ವಿವರವನ್ನೆಲ್ಲ ಕೈಯಲ್ಲೇ ತುಂಬಿಸಿಕೊಂಡು ಮಾಡಿಕೊಟ್ಟರು. ನೀವು ವೆಬ್‌ಸೈಟ್ ಹತ್ತಿರ ತಲೆ ಚಚ್ಚಿಕೊಳ್ಳದೆ ನೇರ ಫೋನ್ ಮಾಡಿ. ಇದರ ಜೊತೆ ಟ್ರೇಲ್‌ಗೆ ಹೋಗೋಕೆ 25 ಡಾಲರಿನ, ಆಫ್-ರೋಡ್ ಗಾಡಿಗಳಿಗೆ ಕೊಡೋ ಓಎಚ್‌ವಿ ಸ್ಟಿಕರ್ ಬೇರೆ.

ಇಷ್ಟೆಲ್ಲ ಮಾಡಿ ಸಿಕ್ಕಿದ್ದೇನು? ಸ್ಕೂಟರ್ ಬದಲಿಗೆ ಇದು ಆಗುತ್ತೆ ಅಂದುಕೊಂಡಿದ್ದರೆ ಕೊಳ್ಳಬೇಡಿ. ಬೈಕಿನ ಗರಿಷ್ಠ ವೇಗ ಗಂಟೆಗೆ 45 ಮೈಲಿ. ಈ ಊರಿನಲ್ಲಿ ಮೈಲಿಗೊಂದರಂತೆ ಹಾದುಹೋಗೋ ದೊಡ್ಡ ರಸ್ತೆಗಳ ಮಿತಿಯೂ ಅಷ್ಟೇ, ಕಾರಿನವರು ಅದನ್ನು ದಾಟಿಯೇ ಹೋಗೋದು. ಥ್ರಾಟಲ್ ಪೂರ್ತಿ ತಿರುವಿಕೊಂಡು ಹಿಂದೆ ಬರೋ ಟ್ರಕ್ಕನ್ನು ಕನ್ನಡಿಯಲ್ಲಿ ನೋಡ್ತಾ ಹೋಗೋದರಲ್ಲಿ ಸುಖ ಇಲ್ಲ. 25, 35 ಮೈಲಿ ಮಿತಿಯ ಒಳರಸ್ತೆಗಳಲ್ಲಿ ಮಾತ್ರ ಇದು ರಾಣಿ. ನನಗೆ ಬೇಕಾಗಿದ್ದೂ ಅಷ್ಟೇ: ಟ್ರೇಲರ್ ಇಲ್ಲದೆ, ಪಿಕಪ್ ಇಲ್ಲದೆ, ಮನೆ ಬಾಗಿಲಿಂದ ಟ್ರೇಲ್ ಬಾಯಿವರೆಗೆ ಕಾನೂನಾಗಿ ಹೋಗೋದು. ಯೂಸರಿ ಪಾಸ್ ರಸ್ತೆಯ ಒಂದು ತುಂಡು ಬಿಟ್ಟರೆ ಮಿಕ್ಕಿದ್ದೆಲ್ಲ ಆರಾಮ. ಆ ತುಂಡಿನಲ್ಲಿ ಬಲಕ್ಕೆ ಸರಿದು ದಾರಿ ಬಿಟ್ಟುಕೊಡ್ತೀನಿ. ಅಲ್ಲಿಂದ ಬುಲ್‌ಡಾಗ್ ಕ್ಯಾನಿಯನ್. ಟಾಂಟೋ ರಾಷ್ಟ್ರೀಯ ಅರಣ್ಯದವರ ಪರ್ಮಿಟ್ ತಗೊಂಡರೆ ಗೇಟಿನ ಬೀಗದ ನಂಬರ್ ಕೊಡ್ತಾರೆ. ಸಾಗ್ವಾರೋ ಕಳ್ಳಿಗಳ ನಡುವೆ ಮರಳು, ಕಲ್ಲು. ಅಂಥ ನೆಲದಲ್ಲಿ ಒಂದು ಚಾರ್ಜಿಗೆ 25 ಮೈಲಿ ಅಂತ ಇಟ್ಟುಕೊಂಡು ಅರ್ಧಕ್ಕೆ ತಿರುಗ್ತೀನಿ. ಕಂಪನಿಯವರ ದೊಡ್ಡ ಅಂಕಿ ಸಮತಟ್ಟು ನೆಲದಲ್ಲಿ ನಿಧಾನ ಹೋದರೆ ಬರೋದು. ಪೂರ್ತಿ ಚಾರ್ಜಿಗೆ ಎರಡೂವರೆ ಯೂನಿಟ್ ಹತ್ತಿರ ಕರೆಂಟು, ಅರ್ಧ ಡಾಲರ್ ಕೂಡ ಆಗಲ್ಲ.

ಪವರ್ ಹೆಚ್ಚಿಸೋ ಮಾತು ಬರದೆ ಇರಲ್ಲ. ಹುಬ್ಬಳ್ಳಿ ಹುಡುಗ ತನ್ನ ಬೈಕಿಗೆ 72 ವೋಲ್ಟ್ ಬ್ಯಾಟರಿ, ದೊಡ್ಡ ಕಂಟ್ರೋಲರ್ ಹಾಕಿದ್ದಾನೆ. "ಅಕ್ಕಾರ, ನೀವೂ ಹಾಕಿಸಿಬಿಡ್ರಿ, ಮುಂದಿನ ಗಾಲಿ ನೆಲಕ್ಕ ಹತ್ತೂದಿಲ್ಲ!" ಅಂತಾನೆ. ಅದು ನೆಲದ ಮೇಲೇ ಇರಲಿ ಅಂತ ತಾನೇನಪ್ಪಾ ನಾನು ದುಡ್ಡು ಕೊಟ್ಟಿರೋದು ಅಂದೆ. ಅವನ ಗಾಡಿ ಓಡಿಸಿ ನೋಡಿದ್ದೀನಿ, ಮಜಾ ಇದೆ, ಸುಳ್ಳು ಹೇಳಲ್ಲ. ಆದರೆ ಅಷ್ಟು ಎಳೆತಕ್ಕೆ ಮೊದಲ ಬೆಲ್ಟು ಹಲ್ಲು ಜಾರುತ್ತೆ, ಅದನ್ನು ಕಿತ್ತು ಚೈನ್ ಹಾಕಬೇಕು, ಆಮೇಲೆ ಬ್ರೇಕು, ಆಮೇಲೆ ಫೋರ್ಕು. ಅವನು ಟ್ರೇಲ್‌ಗಷ್ಟೇ ಒಯ್ಯೋನು, ನಡೆಯುತ್ತೆ. ಪ್ಲೇಟ್ ಇರೋ ಗಾಡಿಗೆ ಹಾಗೆ ಮಾಡಿ ಏನಾದರೂ ಡಿಕ್ಕಿಯಾದರೆ ಇನ್ಶೂರೆನ್ಸಿನವರು ಮೊದಲು ತೆಗೆಯೋ ಪ್ರಶ್ನೆಯೇ ಇದು. ನಾನು ಮುಟ್ಟಿದ್ದು ಹಿಂದಿನ ಸ್ಪ್ರಾಕೆಟ್ ಒಂದೇ: 48 ಹಲ್ಲಿನದು ತೆಗೆದು 52ರದ್ದು. ಟಾಪ್ ಸ್ಪೀಡ್ ಸ್ವಲ್ಪ ಇಳಿಯಿತು, ಕಡಿದಾದ ಏರಿನಲ್ಲಿ ಮೋಟರ್ ಒದ್ದಾಡೋದು ಕಡಿಮೆಯಾಯ್ತು. ಮೊದಲೇ ವೇಗ ಕಡಿಮೆ ಇರೋ ಬೈಕಿಗೆ ಇದ್ಯಾಕೆ ಅಂತ ಯಜಮಾನರು ಇನ್ನೂ ಕೇಳ್ತಾರೆ. ಅವರು ಬೆಟ್ಟ ಹತ್ತಿಸೋರಲ್ಲ.

ಬೇಸಿಗೆಯ ಮಾತೊಂದು. 2023ರಲ್ಲಿ ಫೀನಿಕ್ಸಿನಲ್ಲಿ ಸತತ 31 ದಿನ 110 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು, ಅಂದರೆ 43 ಸೆಲ್ಸಿಯಸ್. ಆ ಝಳದಲ್ಲಿ ಗ್ಯಾರೇಜಿನಲ್ಲಿ ಲಿಥಿಯಂ ಬ್ಯಾಟರಿ ಬಿಡೋದು ಬೇಡ. ಇದರದ್ದು ಹಿಡಿಕೆ ಹಿಡಿದು ಎತ್ತಿದರೆ ಹೊರಬರುತ್ತೆ, ಹತ್ತು ಕಿಲೋ ಮೇಲಿದ್ದರೂ ಮನೆಯೊಳಗೆ ಒಯ್ಯಬಹುದು. ಓಡಿಸಿ ಬಂದ ತಕ್ಷಣ ಚಾರ್ಜಿಗೆ ಹಾಕಬೇಡಿ, ತಣ್ಣಗಾಗಲಿ. ಜೂನಿನಿಂದ ಸೆಪ್ಟೆಂಬರ್‌ವರೆಗೆ ನಾನಂತೂ ಸೂರ್ಯ ಹುಟ್ಟೋ ಹೊತ್ತಿಗೆ ಹೊರಟು ಎಂಟಕ್ಕೆಲ್ಲ ಮನೆ ಸೇರೋಳು.

ದಾವಣಗೆರೆಯಲ್ಲಿರೋ ನನ್ನ ತಮ್ಮ ಈ ಬೈಕಿನ ಫೋಟೋ ನೋಡಿ, "ಅಕ್ಕಾ, ಇದನ್ನ ಇಲ್ಲಿಗೆ ಕಳಿಸು, ಲೈಟ್ ಹಾಕಿಸಿ ಆರ್‌ಟಿಒಗೆ ಒಯ್ತೀನಿ" ಅಂದ. ಅದು ಆಗದ ಮಾತು. ಅಲ್ಲಿ ಎಆರ್‌ಎಐ, ಐಕ್ಯಾಟ್‌ನಂಥ ಗಾಡಿ ಪರೀಕ್ಷಿಸೋ ಸಂಸ್ಥೆಗಳಲ್ಲಿ ಮಾಡೆಲ್ ಪಾಸಾಗಿರಬೇಕು. ಮೇಲಾಗಿ ತಯಾರಕರ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸೋದನ್ನ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಪ್ಪಲ್ಲ. ನೋಂದಣಿಯೇ ಬೇಡದ ವರ್ಗ ಒಂದಿದೆ, 250 ವ್ಯಾಟಿಗಿಂತ ಕಡಿಮೆ, 25 ಕಿಲೋಮೀಟರ್ ವೇಗದೊಳಗೆ. ಸುರ್-ರಾನ್ ಅದರ ಹತ್ತಿರಕ್ಕೂ ಬರಲ್ಲ. ಅವನಿಗೆ ಹೇಳಿದ್ದು ಬೆಂಗಳೂರಿನ ಅಲ್ಟ್ರಾವಯಲೆಟ್‌ನವರು 2025ರ ಮಾರ್ಚಿನಲ್ಲಿ ತೋರಿಸಿದ ಶಾಕ್‌ವೇವ್ ಬಗ್ಗೆ. ರಸ್ತೆಗೂ ಮಣ್ಣಿಗೂ ಅಂತಲೇ ಮಾಡಿದ್ದು, ಲೈಟು-ಕನ್ನಡಿ ಹಾಕಿಸಿಕೊಂಡು ಅಲೆಯೋ ಕೆಲಸ ಇಲ್ಲ. ತೂಕ 120 ಕಿಲೋ. ಆರಡಿ ಎತ್ತರದ ಅವನಿಗೆ ಒಪ್ಪುತ್ತೆ, ನನಗಲ್ಲ.