ನೆಗಡಿಗೆ ಮೂಗು ಕೊಯ್ಯುವ ಪಟ್ಟಿ: ಗಿಟಾರ್ ಸ್ಟ್ರಿಂಗ್ ಡ್ಯಾಂಪನರ್ ಮೂರು ತಿಂಗಳು ಬಳಸಿ ನೋಡಿದ್ದು

ಡಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿದು ಸ್ಟ್ರಮ್ ಮಾಡಿದಾಗಲೆಲ್ಲ (ತಂತಿಗಳ ಮೇಲೆ ಒಮ್ಮೆಲೇ ಕೈ ಎಳೆದಾಗಲೆಲ್ಲ) ಆರನೇ ತಂತಿ, ಅಂದರೆ ಗಿಟಾರ್ ಹಿಡಿದಾಗ ನಮ್ಮ ಗಲ್ಲಕ್ಕೆ ಹತ್ತಿರ ಇರುವ ಆ ದಪ್ಪ ತಂತಿ, ಕರೆಯದೆ ಊಟಕ್ಕೆ ಬಂದವನ ಹಾಗೆ ಗುಂಯ್ ಅಂತ ನಡುವೆ ಬಂದು ಕೂರುತ್ತಿತ್ತು. ಪಿಕ್ ಅದಕ್ಕೆ ತಾಗದ ಹಾಗೆ ನಾಲ್ಕನೇ ತಂತಿಯಿಂದ ಶುರು ಮಾಡು ಅಂತ ಎಲ್ಲರೂ ಹೇಳುತ್ತಾರೆ. ನಿಧಾನಕ್ಕೆ ನುಡಿಸುವಾಗ ಸರಿ, ವೇಗ ಹೆಚ್ಚಾದರೆ ಕೈ ಎಲ್ಲಿಂದ ಶುರುವಾಗುತ್ತದೆ ಅಂತ ಕೈಗೇ ಗೊತ್ತಿರುವುದಿಲ್ಲ. ಇದಕ್ಕೊಂದು ಪರಿಹಾರ ಬೇಕು ಅಂತ ನಾನು ಕೊಂಡಿದ್ದು ಸ್ಟ್ರಿಂಗ್ ಡ್ಯಾಂಪನರ್. ಕೆಲವರು ಫ್ರೆಟ್ ರ್ಯಾಪ್ ಅಂತಲೂ ಕರೆಯುತ್ತಾರೆ.

ನೋಡಲು ಏನೂ ಇಲ್ಲ. ಒಂದು ಎಲಾಸ್ಟಿಕ್ ಪಟ್ಟಿ, ತಂತಿಗೆ ತಾಗುವ ಕಡೆ ಮೆತ್ತನೆಯ ಪ್ಯಾಡ್, ಹಿಂದುಗಡೆ ವೆಲ್ಕ್ರೋ. ನಟ್ (ಕುತ್ತಿಗೆಯ ತುದಿಯಲ್ಲಿ ತಂತಿಗಳು ಹಾದುಹೋಗುವ ಗೀರುಗಳಿರುವ ಸಣ್ಣ ತುಂಡು) ಪಕ್ಕದಲ್ಲಿ, ಮೊದಲ ಫ್ರೆಟ್ (ಕುತ್ತಿಗೆಗೆ ಅಡ್ಡ ಕೂರಿಸಿದ ಲೋಹದ ಗೆರೆ) ಹತ್ತಿರ, ಗಿಟಾರಿನ ಕುತ್ತಿಗೆಗೆ ಮಫ್ಲರ್ ಸುತ್ತಿದ ಹಾಗೆ ಸುತ್ತಬೇಕು, ಅಷ್ಟೇ. ಬೇಡದ ಸದ್ದು ಹೋಗುತ್ತದೆ ಅಂತ ಪ್ಯಾಕೆಟ್ ಮೇಲೆ ಬರೆದಿತ್ತು. ಸುಳ್ಳಲ್ಲ. ಬೇಕಾದ ಸದ್ದೂ ಜೊತೆಗೇ ಹೋಗುತ್ತದೆ ಅಂತ ಮಾತ್ರ ಬರೆದಿರಲಿಲ್ಲ.

ಮೊದಲ ದಿನ ಸುತ್ತಿ ಡಿ ಹಿಡಿದೆ, ಸ್ಟ್ರಮ್ ಮಾಡಿದೆ. ಆರನೇ ತಂತಿ ಸುಮ್ಮನಾಗಿತ್ತು, ಖುಷಿಯಾಯಿತು. ಆದರೆ ಕಾರ್ಡ್ ಏನೋ ಬಡಕಲಾಗಿ ಕೇಳಿಸುತ್ತಿದೆಯಲ್ಲ ಅಂತ ಒಂದೊಂದೇ ತಂತಿ ಮೀಟಿ ನೋಡಿದರೆ ನಾಲ್ಕನೆಯದೂ ಟಪ್ ಅಂತಿದೆ. ಡಿ ಕಾರ್ಡಿಗೆ ಆ ಹೆಸರು ಬಂದಿದ್ದೇ ಆ ನಾಲ್ಕನೇ ತಂತಿಯ ಸ್ವರದಿಂದ, ಅದನ್ನು ಒತ್ತದೆ ಖಾಲಿ ಬಿಟ್ಟೇ ನುಡಿಸಬೇಕು. ಇ ಮೈನರ್ ಹಿಡಿದೆ, ಇನ್ನೂ ಮಜಾ: ಅದರಲ್ಲಿ ನಾವು ಒತ್ತುವುದು ಎರಡೇ ತಂತಿ, ಉಳಿದ ನಾಲ್ಕೂ ಖಾಲಿ, ಆ ನಾಲ್ಕೂ ಸತ್ತು ಮಲಗಿದ್ದವು. ಜಿ ಕಾರ್ಡಿನಲ್ಲಿ ಮೂರು ಹೋದವು. ಸಿ ಹಿಡಿಯುವಾಗ ತೋರುಬೆರಳು ಎರಡನೇ ತಂತಿಯ ಮೊದಲ ಫ್ರೆಟ್‌ಗೆ ಹೋಗಬೇಕಲ್ಲ, ಅಲ್ಲಿ ಪಟ್ಟಿಯೇ ಕೂತಿತ್ತು. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗಾಯಿತು ನನ್ನ ಕಥೆ.

ತಪ್ಪು ಪಟ್ಟಿಯದಲ್ಲ, ಅದು ಕೆಲಸ ಮಾಡುವ ರೀತಿಯೇ ಹಾಗೆ. ಒಂದು ತಂತಿಯನ್ನು ಐದನೇ ಫ್ರೆಟ್‌ನಲ್ಲಿ ಒತ್ತಿದರೆ ಅಲ್ಲಿಂದ ಬ್ರಿಡ್ಜ್ (ಗಿಟಾರಿನ ಮೈಮೇಲೆ ತಂತಿ ಕೂರುವ ಇನ್ನೊಂದು ತುದಿ) ತನಕ ಮಾತ್ರ ತಂತಿ ಕಂಪಿಸುತ್ತದೆ. ಬೆರಳಿನ ಹಿಂದೆ, ನಟ್ ಕಡೆಗೆ, ಪಟ್ಟಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಒತ್ತದ ತಂತಿ ಮಾತ್ರ ಬ್ರಿಡ್ಜ್‌ನಿಂದ ನಟ್ ತನಕ ಪೂರ್ತಿ ಅಲುಗುತ್ತದೆ, ಅದಕ್ಕೆ ಪಟ್ಟಿ ತಾಗುತ್ತದೆ, ಸದ್ದು ಸಾಯುತ್ತದೆ. ಅಂದರೆ ಪಟ್ಟಿಗೆ ಗೊತ್ತಿರುವುದು ಒಂದೇ ಪ್ರಶ್ನೆ: ಒತ್ತಿದೆಯಾ, ಇಲ್ಲವಾ? ಆ ಖಾಲಿ ತಂತಿ ಕಾರ್ಡಿಗೆ ಬೇಕಾ ಬೇಡವಾ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು ಹೇಳಿ.

ಇದು ಹಳೆಯ ಆಸೆಯೇ. ಫೆಂಡರ್ ಕಂಪನಿ 1962ರಲ್ಲಿ ತಂದ ಜಾಗ್ವಾರ್ ಗಿಟಾರಿನಲ್ಲಿ ಬ್ರಿಡ್ಜ್ ಪಕ್ಕದಲ್ಲೇ ಒಂದು ಮ್ಯೂಟ್ ಇತ್ತು, ಒತ್ತಿದರೆ ಮೆತ್ತನೆಯ ಪ್ಯಾಡ್ ಮೇಲೆದ್ದು ಎಲ್ಲ ತಂತಿಗೂ ತಾಗುತ್ತಿತ್ತು. ಆದರೆ ಬ್ರಿಡ್ಜ್ ಕಡೆ ಪ್ಯಾಡ್ ಇಟ್ಟರೆ ಒತ್ತಿದ ಸ್ವರವೂ ಗಿಡ್ಡವಾಗುತ್ತದೆ. ಅದನ್ನು ಕಿತ್ತು ಪಕ್ಕಕ್ಕಿಟ್ಟವರೇ ಜಾಸ್ತಿ. ನಟ್ ಕಡೆ ಸುತ್ತುವ ಈ ಪಟ್ಟಿ ಅದಕ್ಕಿಂತ ಜಾಣ ಅನ್ನಬೇಕು, ಒತ್ತಿದ ಸ್ವರವನ್ನು ಮುಟ್ಟುವುದಿಲ್ಲ.

ಹಾಗಾದರೆ ಯಾರಿಗೆ ಇದು? ಸೋಲೋ ನುಡಿಸುವವರಿಗೆ, ಎರಡೂ ಕೈಯಿಂದ ಫ್ರೆಟ್ ಮೇಲೆ ಟ್ಯಾಪ್ ಮಾಡುವವರಿಗೆ, ಡಿಸ್ಟಾರ್ಷನ್ (ಸದ್ದನ್ನು ಬೇಕೆಂದೇ ಒರಟಾಗಿಸುವ ಎಫೆಕ್ಟ್) ಹಾಕಿಕೊಂಡು ರೆಕಾರ್ಡ್ ಮಾಡುವವರಿಗೆ. ಗೆಳೆಯನ ಎಲೆಕ್ಟ್ರಿಕ್ ಗಿಟಾರ್ ಎರಡು ವಾರ ಇಟ್ಟುಕೊಂಡು ನೋಡಿದೆ. ಡಿಸ್ಟಾರ್ಷನ್ ಜಾಸ್ತಿ ಇದ್ದಾಗ ನಾವು ಮುಟ್ಟದ ತಂತಿಯೂ ಪಕ್ಕದ ತಂತಿಯ ಜೊತೆ ಅಲುಗಿ ಹಾಡಲು ಶುರು ಮಾಡುತ್ತದೆ. ನಾಯ್ಸ್ ಗೇಟ್ ಪೆಡಲ್ (ಸದ್ದು ತಗ್ಗಿದಾಗ ದಾರಿ ಮುಚ್ಚುವ ಸಾಧನ) ಇದ್ದರೂ ಇದಕ್ಕೆ ಉಪಯೋಗವಿಲ್ಲ, ಯಾಕೆಂದರೆ ನಾವು ನುಡಿಸುತ್ತಿರುವಷ್ಟು ಹೊತ್ತು ಗೇಟ್ ತೆರೆದೇ ಇರುತ್ತದೆ, ಆ ಗಲಾಟೆಯೂ ಅದರಲ್ಲೇ ನುಗ್ಗಿ ಬರುತ್ತದೆ. ಪಟ್ಟಿ ಸುತ್ತಿದ ಮೇಲೆ ಅದು ನಿಂತಿತು, ಒಂದು ತಂತಿಯಿಂದ ಇನ್ನೊಂದಕ್ಕೆ ಹಾರುವಾಗ ನನ್ನಂಥವನ ಕೈ ಕೂಡ ನೀಟಾಗಿ ಕೇಳಿಸಿತು. ಬಾರೆ ಕಾರ್ಡ್ (ಒಂದೇ ಬೆರಳನ್ನು ತಂತಿಗಳಿಗೆ ಅಡ್ಡ ಮಲಗಿಸಿ ಒತ್ತುವ ಕಾರ್ಡ್) ಹಿಡಿದು ಚಕ್ ಚಕ್ ಅಂತ ತಾಳ ಹಾಕುವವರಿಗೂ ಚೆನ್ನ. ಬಾರೆಯಲ್ಲಿ ಆರೂ ತಂತಿ ಬೆರಳ ಕೆಳಗೇ ಇರುತ್ತವೆ, ಒತ್ತಡ ಬಿಟ್ಟು ಬೆರಳನ್ನು ಸುಮ್ನೆ ತಾಗಿಸಿ ಇಟ್ಟರೆ ಚಕ್, ಪಟ್ಟಿ ಇದ್ದರೆ ಬೆರಳು ಸ್ವಲ್ಪ ಹೆಚ್ಚು ಎದ್ದರೂ ತಂತಿ ಮಾತಾಡುವುದಿಲ್ಲ.

ಬಿಗಿತದ ಬಗ್ಗೆ ಒಂದು ಮಾತು. ಜೋರಾಗಿ ಎಳೆದು ಕಟ್ಟಿದರೆ ಪ್ಯಾಡ್ ತಂತಿಯನ್ನೇ ಫ್ರೆಟ್ ಕಡೆಗೆ ತಳ್ಳುತ್ತದೆ, ಶ್ರುತಿ ಮೇಲೆ ಹೋಗುತ್ತದೆ. ಟ್ಯೂನರ್ ಕೆಟ್ಟಿದೆ ಅಂತ ನಾನು ಅರ್ಧ ಗಂಟೆ ಬೈದುಕೊಂಡಿದ್ದೇನೆ. ಸಡಿಲವಾದರೆ ಸಣ್ಣ ತಂತಿಗಳು ಕಿಣಿಕಿಣಿ ಅನ್ನುತ್ತಲೇ ಇರುತ್ತವೆ. ಆರೂ ಖಾಲಿ ತಂತಿ ಟಪ್ ಅನ್ನಬೇಕು, ಆದರೆ ಪ್ಯಾಡ್ ತಂತಿಯನ್ನು ಬಗ್ಗಿಸಬಾರದು, ಅದು ಸರಿಯಾದ ಬಿಗಿ. ಅಳತೆಯನ್ನೂ ನೋಡಿಕೊಂಡು ಕೊಳ್ಳಿ. ಸ್ಟೀಲ್ ತಂತಿಯ ಗಿಟಾರಿನ ನಟ್ ಸುಮಾರು 43ರಿಂದ 45 ಮಿಲಿಮೀಟರ್ ಅಗಲ, ಕ್ಲಾಸಿಕಲ್ ಗಿಟಾರಿನದು ಸುಮಾರು 52. ನನ್ನ ಪಟ್ಟಿ ಕ್ಲಾಸಿಕಲ್‌ಗೆ ಸುತ್ತಿದಾಗ ವೆಲ್ಕ್ರೋ ತುದಿಯಲ್ಲಿ ಕಷ್ಟಪಟ್ಟು ಹಿಡಿದುಕೊಂಡಿತ್ತು, ಎರಡು ಹಾಡು ಮುಗಿಯುವಷ್ಟರಲ್ಲಿ ಬಿಟ್ಟೇ ಹೋಯಿತು. ತಲೆಕೂದಲಿಗೆ ಹಾಕುವ ದಪ್ಪ ಬಟ್ಟೆಯ ರಬ್ಬರ್ ಬ್ಯಾಂಡ್ ಸುತ್ತಿದರೂ ಇದೇ ಕೆಲಸ ನಡೆಯುತ್ತದೆ, ಬಿಗಿ ಹೊಂದಿಸಲು ಆಗುವುದಿಲ್ಲ ಅನ್ನುವುದೊಂದೇ ವ್ಯತ್ಯಾಸ. ಕೊಳ್ಳುವ ಮೊದಲು ಅದರಲ್ಲೇ ಒಮ್ಮೆ ನೋಡಿಬಿಡಿ, ನಾನು ನೋಡಲಿಲ್ಲ.

ಈಗ ನನ್ನ ಮೂಲ ತೊಂದರೆಗೆ ಬರೋಣ, ಯಾಕೆಂದರೆ ನನ್ನ ಹಾಗೆ ಇದೇ ಆಸೆಯಿಂದ ಪಟ್ಟಿ ಕೊಳ್ಳಲು ಹೊರಟವರು ಇದನ್ನು ಓದುತ್ತಿರಬಹುದು.

ಬೇಡದ ತಂತಿಗಳೆಲ್ಲ ಒಂದೇ ಮಟ್ಟದ ಕಳ್ಳರಲ್ಲ. ಎ ಕಾರ್ಡಿನಲ್ಲಿ ಆರನೇ ತಂತಿ ನುಡಿದರೆ ಬರುವುದು ಇ, ಅದು ಆ ಕಾರ್ಡಿನ ಒಳಗೇ ಇರುವ ಸ್ವರ. ಬುಡ (ಕಾರ್ಡಿಗೆ ಹೆಸರು ಕೊಡುವ ಸ್ವರ) ಸ್ವಲ್ಪ ಅಲ್ಲಾಡಿದ ಹಾಗೆ ಕೇಳಿಸುತ್ತದೆ, ಕೆಡುವುದಿಲ್ಲ. ಸಿ ಕಾರ್ಡಿನಲ್ಲೂ ಇ ಒಳಗಿನವನೇ. ಡಿಯಲ್ಲಿ ಐದನೇ ತಂತಿಯ ಎ ಸಹ ಮನೆಯವನೇ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನಿಜವಾದ ಗಲಾಟೆ ಮಾಡುವುದು ಡಿ, ಡಿ ಮೈನರ್, ಬಿ7 ಕಾರ್ಡುಗಳಲ್ಲಿ ಬರುವ ಆರನೇ ತಂತಿ. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ನಾನು ಎ ಮೈನರ್ ಮೇಲೆ ಕಳೆದ ಒಂದು ವಾರ ಉಳಿಯುತ್ತಿತ್ತು.

ಡಿಗೆ ಹೆಬ್ಬೆರಳೇ ಮದ್ದು. ಕುತ್ತಿಗೆಯ ಹಿಂದೆ ಅಡಗಿ ಕೂರುವ ಹೆಬ್ಬೆರಳನ್ನು ಮೇಲಿನಿಂದ ಇಣುಕಿಸಿ, ಆರನೇ ತಂತಿಗೆ ಸುಮ್ನೆ ತಾಗಿಸಿ. ಒತ್ತಬಾರದು. ಒತ್ತಿದರೆ ಎರಡನೇ ಫ್ರೆಟ್‌ನಲ್ಲಿ ಎಫ್ ಶಾರ್ಪ್ ನುಡಿಯುತ್ತದೆ (ಅದೂ ಡಿ ಕಾರ್ಡಿನ ಸ್ವರವೇ, ಬೇಕೆಂದೇ ಹಾಗೆ ಹಿಡಿಯುವವರೂ ಇದ್ದಾರೆ, ಹಾಗಾಗಿ ತಪ್ಪಿದರೂ ಮರ್ಯಾದೆ ಉಳಿಯುತ್ತದೆ). ಸಿ ಕಾರ್ಡಿಗೆ ಹೆಬ್ಬೆರಳು ಬೇಡ, ಐದನೇ ತಂತಿಯ ಮೂರನೇ ಫ್ರೆಟ್ ಒತ್ತುವ ಉಂಗುರ ಬೆರಳನ್ನು ಕೂದಲೆಳೆಯಷ್ಟು ಮೇಲಕ್ಕೆ ಸರಿಸಿದರೆ ಅದರ ತುದಿ ಆರನೆಯದಕ್ಕೆ ತಾಗುತ್ತದೆ. ಬಿ7ನಲ್ಲಿ ಇದೇ ಕೆಲಸ ಮಧ್ಯದ ಬೆರಳಿನದು. ಐದನೇ ತಂತಿಯಲ್ಲಿ ಬುಡ ಇರುವ ಬಾರೆ ಕಾರ್ಡಿಗೆ ತೋರುಬೆರಳ ತುದಿ ಆರನೆಯದನ್ನು ಮುಟ್ಟಿಕೊಂಡಿದ್ದರೆ ಸಾಕು.

ಕ್ಲಾಸಿಕಲ್ ಕಲಿತವರಿಗೆ ಹೆಬ್ಬೆರಳು ಹಿಂದೆಯೇ ಇರಬೇಕು ಅನ್ನುವ ಪಾಠ ಮೈಗೆ ಹತ್ತಿರುತ್ತದೆ, ಕುತ್ತಿಗೆಯೂ ಅಗಲ, ಅವರಿಗೆ ಈ ಇಣುಕುವ ಕೆಲಸ ಕಷ್ಟ. ಅವರು ಬಲಗೈ ಗುರಿಯನ್ನೇ ನಂಬಬೇಕಾಗುತ್ತದೆ ಅನ್ನಿಸುತ್ತದೆ.

ಎಲ್ಲ ತಂತಿಗಳನ್ನೂ ಒಮ್ಮೆಲೇ ನಿಲ್ಲಿಸಬೇಕಾದಾಗ, ಅಂದರೆ ಇ ಮೈನರ್‌ನಂಥ ಕಾರ್ಡಿನ ನಡುವೆ ಚಕ್ ಬೇಕಾದಾಗ, ಬೆರಳು ಸಡಿಲ ಮಾಡಿದರೆ ಸಾಲದು, ಖಾಲಿ ತಂತಿಗಳ ಮೇಲೆ ಬೆರಳೇ ಇಲ್ಲವಲ್ಲ. ಬಲಗೈ ಅಂಗೈ ಅಂಚನ್ನು ಇಳಿಸಬೇಕು, ಇಲ್ಲವೇ ಎಡಗೈ ಬೆರಳುಗಳನ್ನು ಅಡ್ಡ ಮಲಗಿಸಬೇಕು. ಒಂದೇ ಬೆರಳು ಮಲಗಿಸಬೇಡಿ. ಐದು, ಏಳು, ಹನ್ನೆರಡನೇ ಫ್ರೆಟ್ ಮೇಲೆ ಒಂದೇ ಬೆರಳು ತಾಗಿದರೆ ತಂತಿ ಸುಮ್ಮನಾಗುವ ಬದಲು ಗಂಟೆಯ ಹಾಗೆ ಟಿಂಗ್ ಅನ್ನುತ್ತದೆ. ಎರಡು ಮೂರು ಬೆರಳು ಮಲಗಿದರೆ ನಿಲ್ಲುತ್ತದೆ.

ಇದೆಲ್ಲ ಸರಿಯಾಗುತ್ತಿದೆಯಾ ಅಂತ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳುತ್ತಿದ್ದೆ, ಎಷ್ಟು ಚೆನ್ನಾಗಿ ಬಂದಿದೆ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಆರನೇ ತಂತಿಯ ಖಾಲಿ ಸ್ವರ ಸುಮಾರು 82 ಹರ್ಟ್ಜ್, ಫೋನಿನ ಪುಟ್ಟ ಸ್ಪೀಕರ್ ಅಷ್ಟು ತಗ್ಗಿನ ಸದ್ದನ್ನು ಸರಿಯಾಗಿ ಕೊಡುವುದೇ ಇಲ್ಲ. ಹೆಡ್‌ಫೋನ್ ಹಾಕಿ ಕೇಳಿದಾಗ ಗುಂಯ್ ಅನ್ನುವವನು ಅಲ್ಲೇ ಇದ್ದ.

ಹಾಗಂತ ಪಟ್ಟಿಯನ್ನು ಎಸೆದಿಲ್ಲ. ಒಂದು ದಿನ ಸುಮ್ನೆ ಅದನ್ನು ನಟ್ ದಾಟಿಸಿ ಹೆಡ್‌ಸ್ಟಾಕ್ (ತಂತಿ ಬಿಗಿ ಮಾಡುವ ತಿರುಪುಗಳಿರುವ ಗಿಟಾರಿನ ತಲೆ) ಕಡೆಗೆ ಜಾರಿಸಿದೆ. ನಟ್‌ನಿಂದ ಟ್ಯೂನಿಂಗ್ ಪೆಗ್ ತನಕ ಇರುವ ಆ ಗಿಡ್ಡ ತಂತಿ ತುಂಡುಗಳೂ ಸದ್ದು ಮಾಡುತ್ತವೆ, ನಂಬಿಕೆ ಇಲ್ಲದಿದ್ದರೆ ಅಲ್ಲೇ ಉಗುರಿನಿಂದ ಮೀಟಿ ನೋಡಿ. ಜೋರಾಗಿ ಸ್ಟ್ರಮ್ ಮಾಡಿ ತಟ್ಟನೆ ನಿಲ್ಲಿಸಿದಾಗ ಕೊನೆಯಲ್ಲಿ ಉಳಿಯುವ ಆ ಸಣ್ಣ ಟ್ರಿಂಗ್ ಅಲ್ಲಿಂದಲೇ ಬರುತ್ತಿತ್ತು, ಪಟ್ಟಿ ಅಲ್ಲಿ ಕೂತ ಮೇಲೆ ಪೂರ್ತಿ ಹೋಯಿತು. ನಟ್‌ನಿಂದಾಚೆ ಇರುವುದರಿಂದ ಖಾಲಿ ತಂತಿಗಳಿಗೆ ಏನೂ ಆಗುವುದಿಲ್ಲ, ಡಿ, ಜಿ, ಇ ಮೈನರ್ ಎಲ್ಲ ಮೊದಲಿನ ಹಾಗೇ. ಪ್ಯಾಕೆಟ್‌ನಲ್ಲಿ ಈ ಬಗ್ಗೆ ಒಂದು ಸಾಲೂ ಇರಲಿಲ್ಲ. ನನಗೆ ಸಿಕ್ಕ ಅತಿ ಹೆಚ್ಚಿನ ಉಪಯೋಗ ಇದೇ.

ಅಂಕ ಕೊಡಲೇಬೇಕೆಂದರೆ ಸೋಲೋ, ರೆಕಾರ್ಡಿಂಗ್ ಮಾಡುವವರಿಗೆ ಐದಕ್ಕೆ ನಾಲ್ಕು, ಒಂದು ಅಂಕ ವೆಲ್ಕ್ರೋಗೆ ಕಳೆದಿದ್ದೇನೆ, ಮೂರು ತಿಂಗಳಿಗೇ ಅದರ ಹಲ್ಲು ಮೊಂಡಾಗಿದೆ. ಹೊಸದಾಗಿ ಕಾರ್ಡ್ ಕಲಿಯುತ್ತಿರುವವರಿಗೆ ಐದಕ್ಕೆ ಒಂದು, ಅದೂ ಹೆಡ್‌ಸ್ಟಾಕ್ ಮೇಲೆ ಇಟ್ಟುಕೊಂಡರೆ. ನನ್ನ ಹೆಬ್ಬೆರಳು ಈಗ ಡಿ ಬಂದ ಕೂಡಲೇ ತಾನೇ ಇಣುಕುತ್ತದೆ, ಮೂರು ವಾರ ಹಿಡಿಯಿತು. ಬಿ7 ಮಾತ್ರ ಇನ್ನೂ ಹತ್ತರಲ್ಲಿ ನಾಲ್ಕು ಸಲ ಗುಂಯ್ ಅನ್ನುತ್ತದೆ.