ನಮ್ಮ ಟ್ರೇಲರ್‌ಗೆ ಹಾಕಿ ನೋಡಿದ ಮೂರು ಥರದ ಟೈರ್: ಸಿ, ಡಿ, ಇ

ಟೆಕ್ಸಸ್‌ನ ಐ-10 ಹೆದ್ದಾರಿ, ಓಜೋನಾ ಅನ್ನುವ ಊರು ದಾಟಿ ಅರ್ಧ ಗಂಟೆಯಾಗಿತ್ತು. ಜೂನ್ ತಿಂಗಳ ಉರಿಬಿಸಿಲು. ಹಿಂದೆ ಡಬ್ ಅಂತ ಸದ್ದು. ಇಳಿದು ನೋಡಿದರೆ ಕ್ಯಾಂಪಿಂಗ್ ಟ್ರೇಲರ್‌ನ ಎಡಗಡೆ ಟೈರಿನ ಮೇಲ್ಪದರ ಸಿಪ್ಪೆ ಸುಲಿದ ಹಾಗೆ ಕಿತ್ತು ಬಂದಿತ್ತು. ಅದು ಬಡಿದ ಏಟಿಗೆ ಮಡ್‌ಗಾರ್ಡೂ ಹರಿದಿತ್ತು.

ರಾತ್ರಿ ಮಂಡ್ಯಕ್ಕೆ ಫೋನ್ ಮಾಡಿದೆ. ಅಪ್ಪ ಬಹಳ ವರ್ಷ ಟ್ರೇಲರ್‌ನಲ್ಲಿ ಕಬ್ಬು ಹೊಡೆದವರು. ಅವರು ಕೇಳಿದ್ದು ಒಂದೇ ಮಾತು: "ಎಷ್ಟು ಪ್ಲೈದು ಹಾಕ್ಸಿದ್ದೆ ಮಗ?" ನನಗೆ ಗೊತ್ತೇ ಇರಲಿಲ್ಲ.

ಪ್ಲೈ ಅಂದರೆ ಟೈರಿನ ಒಳಪದರ. ಅಮೆರಿಕದಲ್ಲಿ ಅದರ ಬದಲು ಅಕ್ಷರ ಹೇಳುತ್ತಾರೆ. ಸಿ ಅಂದರೆ 6 ಪ್ಲೈ, ಡಿ ಅಂದರೆ 8, ಇ ಅಂದರೆ 10. ಒಳಗೆ ನಿಜವಾಗಿ ಅಷ್ಟು ಪದರ ಇರುವುದಿಲ್ಲ, ಅದು ಬಲದ ಲೆಕ್ಕ ಅಷ್ಟೆ. ಟ್ರೇಲರ್‌ಗೇ ಮಾಡಿದ ಟೈರ್‌ಗೆ ಅಳತೆಯ ಮುಂದೆ ಎಸ್‌ಟಿ ಅಂತ ಇರುತ್ತದೆ.

ನಮ್ಮದರಲ್ಲಿ ಕಂಪನಿಯಿಂದಲೇ ಬಂದದ್ದು ಎಸ್‌ಟಿ205/75ಆರ್15, ಸಿ. 50 ಪಿಎಸ್‌ಐ ಗಾಳಿಗೆ ಒಂದು ಟೈರ್ 825 ಕೆಜಿ ಹೊರುತ್ತದೆ. ನಾಲ್ಕಕ್ಕೆ 3,300. ತುಂಬಿದ ಟ್ರೇಲರ್‌ನ ಚಕ್ರಗಳ ಮೇಲೆ ಬೀಳುವ ಭಾರ 3,070. ಲೆಕ್ಕ ಸರಿಯೇ ಇದೆ, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ.

ಊರಾಚೆ ಜಲ್ಲಿ ಮಾರುವ ಯಾರ್ಡಿನವನು ತನ್ನ ವೇಬ್ರಿಡ್ಜ್ ಮೇಲೆ ಎಡಗಡೆಯ ಎರಡು ಚಕ್ರ ಮಾತ್ರ ಹತ್ತಿಸಲು ಬಿಟ್ಟ. 1,680 ಕೆಜಿ ತೋರಿಸಿತು! ಬಲಗಡೆ 1,390. ಅಡುಗೆ ಕಟ್ಟೆ, ಫ್ರಿಜ್, ನೀರಿನ ಟ್ಯಾಂಕ್ ಎಲ್ಲಾ ಎಡಕ್ಕೇ ಇವೆ. ಅಂದರೆ 825 ಹೊರುವ ಟೈರ್ ಮೇಲೆ ಸುಮಾರು 840 ಕೂತಿತ್ತು. ಅದೂ ಗಾಳಿ ಪೂರ್ತಿ ಇದ್ದರೆ. ನಾನು ಆವತ್ತು ಗಾಳಿ ನೋಡಿರಲಿಲ್ಲ. ಉಳಿದ ಮೂರರಲ್ಲಿ ಒಂದು ಟೈರ್ 44ಕ್ಕೆ ಇಳಿದಿತ್ತು. ಗಾಳಿ ಕಮ್ಮಿಯಾದರೆ ಹೊರುವ ಶಕ್ತಿಯೂ ಕಮ್ಮಿ, ಪಕ್ಕದ ಗೋಡೆ ಜಾಸ್ತಿ ಮಡಚಿಕೊಂಡು ಬಿಸಿಯೇರುತ್ತದೆ. ಆ ರಸ್ತೆಯ ಮಿತಿ ಬೇರೆ ಗಂಟೆಗೆ 80 ಮೈಲಿ. ಎಸ್‌ಟಿ ಟೈರ್‌ಗಳನ್ನು ಮೊದಲಿಂದಲೂ 65 ಮೈಲಿಯ ಲೆಕ್ಕದಲ್ಲೇ ಮಾಡುತ್ತಿದ್ದರು. ಈಗ ಹೆಚ್ಚಿನ ವೇಗದವೂ ಸಿಗುತ್ತವೆ. ನಾನು 72ರಲ್ಲಿ ಹೋಗುತ್ತಿದ್ದೆ. ತಪ್ಪು ನನ್ನದೂ ಇತ್ತು.

ಆಮೇಲೆ ಅದೇ ಅಳತೆಯಲ್ಲಿ ಡಿ ಹಾಕಿಸಿದೆ. 65 ಪಿಎಸ್‌ಐಗೆ 975 ಕೆಜಿ. ರಿಮ್ ಬದಲಿಸುವ ತಲೆನೋವಿಲ್ಲ, ಸುಮ್ನೆ ಹಾಕಿಕೊಂಡು ಹೋದರಾಯಿತು. ಎರಡು ಬೇಸಿಗೆ ಓಡಿಸಿದೆ, ಒಂದೂ ಒಡೆಯಲಿಲ್ಲ. ಗಾಳಿಯ ಸೆನ್ಸರ್ ಹಾಕಿದ್ದರಿಂದ ಒಂದು ವಿಷಯ ಕಂಡಿತು. ಮಧ್ಯಾಹ್ನ ಎಡಗಡೆಯವು ಬಲಗಡೆಗಿಂತ ಯಾವಾಗಲೂ ಬಿಸಿ, ಗಾಳಿ 75ರವರೆಗೆ ಏರುತ್ತಿತ್ತು. ಬಿಸಿಗೆ ಏರುವುದು ಸಹಜ, ಅದನ್ನು ನೋಡಿ ಗಾಳಿ ಬಿಡಬಾರದು. ಆದರೂ ಮನಸ್ಸಿಗೆ ಸಮಾಧಾನ ಇರಲಿಲ್ಲ.

ಡಿ ಟೈರ್‌ಗಳನ್ನು ಗೆಳೆಯನ ಸಣ್ಣ ಟ್ರೇಲರ್‌ಗೆ ಕೊಟ್ಟೆ. ಅವನು ಅಲ್ಲಿಯವರೆಗೆ ಹಳೇ ಕಾರ್ ಟೈರ್ ಹಾಕಿಕೊಂಡಿದ್ದ. ಒಮ್ಮೆ ಅದನ್ನು ಎಳೆದಿದ್ದೆ, ತಿರುವಿನಲ್ಲಿ ಹಿಂದಿನಿಂದ ಯಾರೋ ಅಲುಗಾಡಿಸಿದ ಹಾಗಿತ್ತು. ಕಾರ್ ಟೈರನ್ನು ಟ್ರೇಲರ್‌ಗೆ ಹಾಕಿದರೆ ಟೈರ್ ಮೇಲೆ ಬರೆದ ಭಾರವನ್ನು 1.10ರಿಂದ ಭಾಗಿಸಬೇಕು ಅನ್ನುವ ನಿಯಮ ಇದೆ. ಅದು ಅವನಿಗೂ ಗೊತ್ತಿರಲಿಲ್ಲ.

ಈಗಿರುವುದು ಎಸ್‌ಟಿ225/75ಆರ್15, ಇ. 80 ಪಿಎಸ್‌ಐಗೆ 1,285 ಕೆಜಿ. ನೋಡಿದರೆ ಇದೇ ರಾಜ. ಆದರೆ ಹಾಕಿಸುವ ಮೊದಲು ಎರಡು ಕೆಲಸ ಇದೆ. ಇದರ ಎತ್ತರ 30 ಮಿಲಿಮೀಟರ್ ಜಾಸ್ತಿ. ಹಿಂದೆ ಮುಂದೆ ಇರುವ ಎರಡು ಟೈರ್‌ಗಳ ನಡುವಿನ ಸಂದಿ ಅಷ್ಟೇ ಕಿರಿದಾಗುತ್ತದೆ. ನಮ್ಮದರಲ್ಲಿ 110 ಇದ್ದದ್ದು 80ಕ್ಕೆ ಬಂತು, ಸಾಕು. ಇನ್ನೊಂದು, ರಿಮ್ ಮೇಲೆ ಏನು ಅಚ್ಚಾಗಿದೆ ನೋಡಬೇಕು. ನಮ್ಮ ಹಳೇ ರಿಮ್ ಹೊರುತ್ತಿದ್ದದ್ದು 975 ಕೆಜಿ, ತಡೆಯುತ್ತಿದ್ದದ್ದು 65 ಪಿಎಸ್‌ಐ. ಅಂಥ ರಿಮ್‌ಗೆ 80 ತುಂಬುವುದು ಹುಚ್ಚುತನ. ಮೊದಲ ಟೈರ್ ಅಂಗಡಿಯವನು ಇದರ ಬಗ್ಗೆ ತುಟಿ ಬಿಚ್ಚಲಿಲ್ಲ, ಮಾಮೂಲಿ ರಬ್ಬರ್ ವಾಲ್ವ್ ಹಾಕಿ 80 ತುಂಬಿಯೇ ಕಳಿಸಿದ. ಆ ವಾರವೇ ಬೇರೆ ರಿಮ್, ಲೋಹದ ವಾಲ್ವ್ ಹಾಕಿಸಿದೆ.

80 ಪಿಎಸ್‌ಐ ಗಾಳಿಗೆ ಟೈರ್ ಕಲ್ಲಿನ ಹಾಗೆ ಗಟ್ಟಿಯಾಗಿ ಟ್ರೇಲರ್ ಕುಣಿಯಿತು. ಡ್ರಾಯರ್‌ಗಳು ತೆರೆದುಕೊಂಡವು, ಅಕ್ಕಿ ಡಬ್ಬ ಉರುಳಿ ಸೋನಾ ಮಸೂರಿ ನೆಲದ ತುಂಬಾ. ಅಳತೆ ಪಟ್ಟಿ ನೋಡಿದರೆ ಇದೇ ಟೈರ್ 65ರಲ್ಲೂ 1,150 ಕೆಜಿ ಹೊರುತ್ತದೆ. ನಮಗೆ ಬೇಕಿರುವುದು 840. ಈಗ 70 ಇಡುತ್ತೇನೆ, ಬೆಳಿಗ್ಗೆ ಟೈರ್ ತಣ್ಣಗಿರುವಾಗ ಅಳೆದು. ಎಡ ಬಲದ ಬಿಸಿಯ ಫರಕೂ ಕಮ್ಮಿಯಾಗಿದೆ.

ಸಂದಿ ಇಲ್ಲದಿದ್ದರೆ, ರಿಮ್ ಬದಲಿಸಲು ದುಡ್ಡು ಹಾಕುವುದು ಬೇಡ ಅನ್ನಿಸಿದರೆ, ಡಿ ಸಾಕು. ಸಿ ಮಾತ್ರ ನಮ್ಮ ಭಾರಕ್ಕೆ ಬೇಡವೇ ಬೇಡ. ಸ್ಟೆಪ್ನಿ ಇನ್ನೂ ಅದೇ ಹಳೇ ಸಿ, ಗಿಡ್ಡ ಬೇರೆ. ಮುಂದಿನ ಪ್ರವಾಸಕ್ಕೆ ಮೊದಲು ಅದನ್ನೂ ಬದಲಾಯಿಸಬೇಕು.